ದೊರೆಯ ಕಿವಿ

ಹೋದ ವರ್ಷ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ನಮ್ಮ ಚಂದಕವಾಡಿಯ ಕಡೆಯ ಹುಡುಗ; ತಂದೆ ಅರಿಸಿನ ಬೆಳೆದು, ಬೆಲೆ ಬಂದ ವರ್ಷ ನಕ್ಕು, ಬಾರದ ವರ್ಷ ಸಾಲ ಮಾಡಿ ಮಗನನ್ನು ಓದಿಸಿದವರು. ಹುಡುಗ ಎಂದೆನಲ್ಲ, ಅವನಿಗೂ ಈಗ ಕಿವಿಯ ಪಕ್ಕ ಕೂದಲು ನೆರೆತಿದೆ. ಬೆಂಗಳೂರಿನ ದೊಡ್ಡ ಕಂಪೆನಿಯೊಂದರಲ್ಲಿ ಮುನ್ನೂರು ಜನರ ಮೇಲಿನ ಅಧಿಕಾರಿ.

“ಸಾರ್, ನಮ್ಮ ಹಿರಿಯ ಅಧಿಕಾರಿಗಳಿಗೆಲ್ಲ ಮೈಸೂರಿನಲ್ಲಿ ಎರಡು ದಿನದ ಶಿಬಿರ ಇಟ್ಟುಕೊಂಡಿದ್ದೇವೆ. ನಾಯಕತ್ವ, ಕೆಲಸದ ಜಾಗದ ವಾತಾವರಣ, ಇಂಥ ವಿಷಯಗಳು. ಇಂಗ್ಲಿಷಿನಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೀವು ಬಂದು ಒಂದು ಗಂಟೆ ಕನ್ನಡದಲ್ಲಿ ಮಾತಾಡಬೇಕು. ಈ ವಿಚಾರ ನಮ್ಮ ಸಾಹಿತ್ಯದಲ್ಲಿ ಏನಾದರೂ ಇದೆಯಾ ಸಾರ್?”

“ಇಲ್ಲದೆ ಏನಪ್ಪ!” ಎಂದುಬಿಟ್ಟೆ. ಕನ್ನಡ ಮೇಷ್ಟರಿಗೆ ಇದು ಹುಟ್ಟುಗುಣ. ಯಾವ ವಿಷಯವನ್ನು ಕೇಳಿದರೂ ಪಂಪನಲ್ಲಿದೆ, ವಚನಗಳಲ್ಲಿದೆ ಎನ್ನುತ್ತೇವೆ. ಆಮೇಲೆ ಮನೆಗೆ ಹೋಗಿ ಹುಡುಕುತ್ತೇವೆ.

ಹುಡುಕಲು ಕುಳಿತಾಗ ಒಂದು ಸೋಜಿಗ ನನ್ನ ಗಮನಕ್ಕೆ ಬಂದಿತು. ಹೊಸಗನ್ನಡವನ್ನು ಬೆಳೆಸಿದವರಲ್ಲಿ ಬಹುಮಂದಿ ಸಂಬಳದ ಜನ. ಒಬ್ಬರು ಕಂದಾಯದ ಅಧಿಕಾರಿ, ಇನ್ನೊಬ್ಬರು ಕಾಲೇಜಿನ ಮೇಷ್ಟರು, ಮತ್ತೊಬ್ಬರು ಕಾರ್ಖಾನೆಯ ರಸಾಯನ ವಿಜ್ಞಾನಿ. ದಿನದ ಎಂಟು ಗಂಟೆಯನ್ನು ಇವರು ಮೇಲಿನವರೊಬ್ಬರ ಎದುರಿಗೋ ಕೆಳಗಿನವರ ಮೇಲೆಯೋ ಕಳೆದರು. ಆದರೆ ಬರೆಯಲು ಕುಳಿತಾಗ ಅವರ ಲೇಖನಿ ಹಳ್ಳಿಗೆ ಹೋಯಿತು, ಅಡಿಗೆಮನೆಗೆ ಹೋಯಿತು, ಪ್ರೇಮಕ್ಕೆ, ಪುರಾಣಕ್ಕೆ ಹೋಯಿತು; ಕಚೇರಿಯ ಬಾಗಿಲಿಗೆ ಬಂದಾಗ ಮಾತ್ರ ಸಂಕೋಚಪಟ್ಟಿತು. ಕಾರಣ ಸುಲಭವಾಗಿ ತಿಳಿಯುತ್ತದೆ. ಮಾರನೆಯ ದಿನ ಅದೇ ಕಚೇರಿಗೆ ಹೋಗಬೇಕಲ್ಲ!

ಹಾಗೆಂದು ಏನೂ ಇಲ್ಲವೆನ್ನುವಂತಿಲ್ಲ. ಕೆಂಪುನಾರಾಯಣ ೧೮೨೩ರಲ್ಲಿ ಬರೆದ ‘ಮುದ್ರಾಮಂಜೂಷ’ದಲ್ಲಿ ಚಾಣಕ್ಯನ ಚಾತುರ್ಯವೆಲ್ಲ ಕೊನೆಗೆ ಖರ್ಚಾಗುವುದು ಎದುರು ಪಕ್ಷದ ಅತ್ಯುತ್ತಮ ಅಧಿಕಾರಿಯಾದ ರಾಕ್ಷಸನನ್ನು ಚಂದ್ರಗುಪ್ತನ ಕಡೆಗೆ ತಂದುಕೊಳ್ಳುವುದಕ್ಕೆ. ಇಂದಿನ ಕಂಪೆನಿಗಳು ಮಾಡುವುದು ಇದನ್ನೇ, ಸಂಬಳ ಹೆಚ್ಚಿಸಿ. ಆದರೆ ಅದು ತಂತ್ರದ ಮಾತು. ನನಗೆ ಬೇಕಾಗಿದ್ದುದು ಬೇರೆ: ಮೇಲೆ ಕುಳಿತವನಿಗೆ ಕೆಳಗೆ ನಡೆಯುವುದು ತಿಳಿಯುತ್ತದೆಯೇ? ತಿಳಿಯದಿದ್ದರೆ ತಡೆಯುವವರು ಯಾರು? ಈ ಪ್ರಶ್ನೆಗೆ ಮೊದಲು ನೆನಪಾದುದು ಪುಸ್ತಕವಲ್ಲ, ಹಾಡು.

ನಾನು ಚಿಕ್ಕವನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ನೀಲಗಾರರು ಬರುತ್ತಿದ್ದರು. ಜಗುಲಿಯ ಮೇಲೆ ತಂಬೂರಿ ಹಿಡಿದು ಕುಳಿತರೆ ಬೆಳಕು ಹರಿಯುವವರೆಗೂ ಮಂಟೇಸ್ವಾಮಿಯ ಕಥೆ. ನಮ್ಮ ಸೀಮೆಯಲ್ಲಿ ಕಂಸಾಳೆಯವರು ಮಾದಪ್ಪನದನ್ನು ಹಾಡುತ್ತಾರೆ, ನೀಲಗಾರರು ಮಂಟೇಸ್ವಾಮಿಯದನ್ನು. ಎರಡನ್ನೂ ಕೇಳದೆ ಬೆಳೆದ ಮಕ್ಕಳು ಆಗ ನಮ್ಮಲ್ಲಿ ಇರಲಿಲ್ಲ. ಒಬ್ಬೊಬ್ಬ ನೀಲಗಾರರ ಬಾಯಲ್ಲಿ ಕಥೆ ಒಂದೊಂದು ಬಗೆಯಾಗಿ ಹರಿಯುತ್ತದೆ. ಆದರೂ ಕಲ್ಯಾಣದ ಸಾಲಿನ ಮೂಲ ಸಂಗತಿ ಇಷ್ಟು.

ಬಸವಣ್ಣನವರ ಕಲ್ಯಾಣದಲ್ಲಿ ದಾಸೋಹ ನಡೆಯುತ್ತಿದೆ. ವಿಭೂತಿ ಬಳಿದುಕೊಂಡು ಲಿಂಗ ಕಟ್ಟಿಕೊಂಡು ಬಂದವರಿಗೆಲ್ಲ ಎಲೆ ಹಾಕುತ್ತಾರೆ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರೆಂದು ಲೆಕ್ಕ. ಅದರಲ್ಲಿ ನಿಜವಾದವರೆಷ್ಟು, ಊಟಕ್ಕೆ ವೇಷ ಹಾಕಿದವರೆಷ್ಟು ಎಂಬುದನ್ನು ಕೇಳುವವರಿಲ್ಲ. ಪರೀಕ್ಷಿಸಲು ಮಂಟೇಸ್ವಾಮಿ ಬರುತ್ತಾನೆ, ಮೈಯೆಲ್ಲ ಕೊಳೆತ ರೋಗಿಯಂತೆ, ನೋಡಿದವರಿಗೆ ಹೇಸಿಗೆಯಾಗುವ ರೂಪದಲ್ಲಿ. ಬಾಗಿಲು ಕಾಯುವವರು ಅವನನ್ನು ಹೊಡೆದಟ್ಟುತ್ತಾರೆ. ಅವನು ಹೋಗಿ ತಿಪ್ಪೆಯ ಮೇಲೆ ಮಲಗುತ್ತಾನೆ. ಒಳಗೆ ಬಸವಣ್ಣನವರಿಗೆ ಇದಾವುದೂ ಗೊತ್ತಿಲ್ಲ.

ಬಾಲ್ಯದಲ್ಲಿ ಇದನ್ನು ಕೇಳುವಾಗ ನನಗೆ ಮಂಟೇಸ್ವಾಮಿಯ ಪವಾಡಗಳ ಮೇಲೆಯೇ ಕಣ್ಣು. ಈಗ ಕೇಳಿದರೆ ಬಾಗಿಲು ಕಾಯುವವರ ಮೇಲೆ ಕಣ್ಣು ಹೋಗುತ್ತದೆ. ಈ ಕವಿಗಳು ಬಸವಣ್ಣನವರನ್ನು ಕೆಟ್ಟವರನ್ನಾಗಿ ಮಾಡಿಲ್ಲ. ಅದೇ ಇದರ ಹಿರಿಮೆ. ಕೆಟ್ಟ ದೊರೆಯ ಬಾಗಿಲಲ್ಲಿ ಕೆಟ್ಟ ಕಾವಲಿರುವುದನ್ನು ಯಾರು ಬೇಕಾದರೂ ಹಾಡಬಹುದು. ಒಳ್ಳೆಯವನ ಬಾಗಿಲಲ್ಲಿಯೂ ಅಂಥ ಕಾವಲು ಬೆಳೆಯುತ್ತದೆ ಎಂಬುದನ್ನು ಕಾಣಲು ಬೇರೆ ಕಣ್ಣು ಬೇಕು. ಉಣ್ಣುವವರ ಲೆಕ್ಕ ಏರುತ್ತಿದೆ. ಆ ಲೆಕ್ಕವೇ ಮನೆಯ ಕ್ಷೇಮಕ್ಕೆ ಸಾಕ್ಷಿಯಾಗಿದೆ. ಹೀಗಿರುವಲ್ಲಿ ಯಜಮಾನನು ಹೊರಗೆ ಬಂದು ನೋಡುವುದು ಯಾತಕ್ಕೆ? ಕೊನೆಗೆ ಮಂಟೇಸ್ವಾಮಿ ಬಂದಿರುವುದು ತಿಳಿದಾಗ ಬಸವಣ್ಣನವರು ಆಳನ್ನು ಕಳುಹಿಸುವುದಿಲ್ಲ. ತಾವೇ ತಿಪ್ಪೆಗೆ ಹೋಗುತ್ತಾರೆ. ಅವನು ಒಳಗೆ ಬಂದಾಗ ವೇಷದ ಜಂಗಮರೆಲ್ಲ ಎದ್ದು ಓಡುತ್ತಾರೆ.

ಮಂಟೇಸ್ವಾಮಿಯೂ ಸುಲಭದ ಯಜಮಾನನಲ್ಲ. ನಿಡುಘಟ್ಟದ ಪಾಂಚಾಳರ ಹುಡುಗ ಕೆಂಪಾಚಾರಿಯನ್ನು ಹೆತ್ತವರು ಒಲ್ಲೆವೆಂದರೂ ಬಿಡದೆ ಪಡೆದು, ಕಠಿಣ ಪರೀಕ್ಷೆಗಳಿಗೆ ಒಡ್ಡಿ, ಸಿದ್ದಪ್ಪಾಜಿಯನ್ನಾಗಿ ಮಾಡಿ, ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಅಟ್ಟುತ್ತಾನೆ. ಅಲ್ಲಿ ಆ ಹುಡುಗನನ್ನು ಕಾಡುವವರು ಅವನ ಕುಲದವರೇ. ಇದನ್ನು ಕೇಳುವಾಗ ನನಗೆ ಪ್ರತಿಸಲವೂ ಇರಿಸುಮುರಿಸಾಗುತ್ತದೆ. ಗುರುಭಕ್ತಿಯ ಮಾತು ಹೇಳಿ ಅದನ್ನು ಮುಚ್ಚಲಾರೆ. ಆದರೆ ನೀಲಗಾರರು ಹುಡುಗನ ಸಂಕಟವನ್ನು ಎರಡು ಮಾತಿನಲ್ಲಿ ಮುಗಿಸುವುದಿಲ್ಲ, ಗಂಟೆಗಟ್ಟಲೆ ಹಾಡುತ್ತಾರೆ. ನಮ್ಮ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ವರ್ಷವರ್ಷವೂ ಸಹಸ್ರಾರು ಜನ ಸೇರುವ ಜಾತ್ರೆ ನಡೆಯುವುದು ಸಿದ್ದಪ್ಪಾಜಿಯ ಹೆಸರಿನಲ್ಲಿ. ಕಳುಹಿಸಿದವನನ್ನು ಮರೆಯದೆ, ಹೋಗಿ ಪಡಬಾರದ ಪಾಡು ಪಟ್ಟವನಿಗೂ ಗದ್ದುಗೆ ಕೊಟ್ಟ ಜನ ನಮ್ಮವರು.

ಇನ್ನು ಪುಸ್ತಕದ ಮಾತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಪ್ರಕಟವಾದುದು ೧೯೫೬ರಲ್ಲಿ. ಅದಕ್ಕೆ ಜ್ಞಾನಪೀಠ ಬಂದುದು ೧೯೮೩ರಲ್ಲಿ. ೧೮೩೪ರಲ್ಲಿ ಇಂಗ್ಲಿಷರ ಕೈಸೇರಿದ ಕೊಡಗಿನ ಕೊನೆಯ ಅರಸನ ಕಥೆ. ಬಹುಮಂದಿ ಇದನ್ನು ಐತಿಹಾಸಿಕ ಕಾದಂಬರಿಯೆಂದು ಓದುತ್ತಾರೆ; ಪಾಠ ಮಾಡುವಾಗ ನಾವೂ ಹಾಗೆಯೇ ಹೇಳುತ್ತೇವೆ. ಆದರೆ ಇದನ್ನು ಬರೆದವರು ಮೈಸೂರು ಸಂಸ್ಥಾನದ ಆಡಳಿತದಲ್ಲಿ ಮೂರು ದಶಕಗಳಷ್ಟು ಕಾಲ ಸವೆಸಿದವರು ಎಂಬುದನ್ನು ಮರೆಯಬಾರದು. ತಮಗಿಂತ ಕಿರಿಯರನ್ನು ಮೇಲಿನ ಸ್ಥಾನಕ್ಕೆ ಏರಿಸಿದರೆಂದು ೧೯೪೩ರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ‘ರಾಜಸೇವಾಸಕ್ತ’ ಎಂಬ ಬಿರುದು ಹೊತ್ತವರು ಹಾಗೆ ಎದ್ದು ಬಂದರು! ಅದಾದ ಹದಿಮೂರು ವರ್ಷಕ್ಕೆ ಈ ಕಾದಂಬರಿ. ದೊರೆಯ ಸೇವೆ ಎಂದರೆ ಏನು, ಎಲ್ಲಿಯವರೆಗೆ, ಎಂಬುದು ಅವರಿಗೆ ಗ್ರಂಥಾಲಯದಲ್ಲಿ ಸಿಕ್ಕ ಪ್ರಶ್ನೆಯಾಗಿರಲಾರದು.

ಕಾದಂಬರಿಯ ರಾಜ ಕುಡುಕ, ಹೆಣ್ಣಿನ ಚಪಲದವನು, ಕೋಪಿಷ್ಠ. ಇಷ್ಟೇ ಆಗಿದ್ದರೆ ನಾಲ್ಕುನೂರು ಪುಟ ಬೇಕಿರಲಿಲ್ಲ. ಮಾಸ್ತಿಯವರ ಮುಖ್ಯ ಆಸಕ್ತಿ ರಾಜನಲ್ಲಿ ಅಷ್ಟಿಲ್ಲ, ರಾಜನಿಗೂ ಮಿಕ್ಕವರಿಗೂ ನಡುವೆ ಇರುವ ಅಂತರದಲ್ಲಿದೆ. ಆ ಅಂತರದಲ್ಲಿ ನಿಂತಿರುವವನು ಕುಂಟ ಬಸವ. ಚಿಕ್ಕಂದಿನ ಒಡನಾಡಿ, ರಾಜನ ಚಪಲಗಳನ್ನೆಲ್ಲ ಪೂರೈಸಿಕೊಟ್ಟು ಮಂತ್ರಿಯ ಪದವಿಗೆ ಏರಿದವನು. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇಬ್ಬರೂ ಯೋಗ್ಯ ಮಂತ್ರಿಗಳು. ಆದರೆ ಒಂದು ಮಾತು ರಾಜನನ್ನು ಮುಟ್ಟಬೇಕಾದರೆ ಬಸವನನ್ನು ದಾಟಬೇಕು. ರಾಜನ ಮಾತು ಇವರಿಗೆ ಬರಬೇಕಾದರೂ ಬಸವನ ಬಾಯಿಯಿಂದ ಬರಬೇಕು. ಬಸವನು ಬಲವಂತನಾದುದು ಸುಳ್ಳು ಹೇಳಿದ್ದರಿಂದ ಮಾತ್ರವಲ್ಲ. ಯಾವುದನ್ನು ಯಾವಾಗ ಹೇಳಬೇಕು ಎಂಬುದು ಅವನ ಕೈಯಲ್ಲಿದ್ದುದರಿಂದ.

ಮಾಸ್ತಿಯವರ ಶೈಲಿಯನ್ನು ಸಪ್ಪೆಯೆನ್ನುವವರಿದ್ದಾರೆ. ನಾನೂ ಎಂ.ಎ. ತರಗತಿಯಲ್ಲಿದ್ದಾಗ ಹಾಗೆ ಅಂದವನೇ. ಈಗ ಓದಿದರೆ ಆ ವಿನಯದ ಭಾಷೆಯೇ ಕಾದಂಬರಿಯ ಕಥಾವಸ್ತುವೇನೋ ಎನಿಸುತ್ತದೆ. ಎಲ್ಲರೂ ಎಷ್ಟು ಮರ್ಯಾದೆಯಿಂದ ಮಾತಾಡುತ್ತಾರೆ! ಮಂತ್ರಿಗಳು ಅಪ್ಪಣೆ ಬೇಡುತ್ತಾರೆ, ರಾಣಿ ಗೌರಮ್ಮ ಗಂಡನಿಗೆ ನೋವಾಗದಂತೆ ಬುದ್ಧಿ ಹೇಳುತ್ತಾಳೆ, ಹಿರಿಯರು ಸುತ್ತಿ ಬಳಸಿ ಸೂಚಿಸುತ್ತಾರೆ. ಇಷ್ಟು ಪದರಗಳ ಒಳಗೆ ಸುತ್ತಿಟ್ಟ ಸತ್ಯ ರಾಜನ ಕಿವಿಗೆ ಬೀಳುವ ವೇಳೆಗೆ ಸತ್ಯವೋ ಉಪಚಾರವೋ ತಿಳಿಯದಂತಾಗಿರುತ್ತದೆ. ನೇರವಾಗಿ ಮಾತಾಡುವವನು ಬಸವನೊಬ್ಬನೇ. ಆದ್ದರಿಂದ ರಾಜ ಅವನನ್ನೇ ನಂಬುತ್ತಾನೆ. ಒಳ್ಳೆಯವರು ನಯವಾಗಿಯೂ ಕೆಟ್ಟವನು ಸಲಿಗೆಯಿಂದಲೂ ಮಾತಾಡುವ ಮನೆಯಲ್ಲಿ ಯಜಮಾನನಿಗೆ ಯಾರು ಆಪ್ತನಾಗಿ ಕಾಣುತ್ತಾನೆ?

ಬೋಪಣ್ಣನ ಪಾತ್ರದಲ್ಲಿ ಮಾಸ್ತಿಯವರು ಇನ್ನೂ ಕಷ್ಟದ ಪ್ರಶ್ನೆಯನ್ನಿಟ್ಟಿದ್ದಾರೆ. ನಿಷ್ಠೆ ಯಾರಿಗೆ? ಗದ್ದುಗೆಯಲ್ಲಿ ಕುಳಿತವನಿಗೋ, ಗದ್ದುಗೆಗೋ, ಅದರ ಕೆಳಗಿರುವ ನಾಡಿಗೋ? ಕೆಲಸಕ್ಕೆ ಸೇರಿದ ದಿನ ಈ ಮೂರೂ ಒಂದೇ ಆಗಿ ಕಾಣುತ್ತವೆ. ಅವು ಬೇರೆಬೇರೆಯೆಂದು ತಿಳಿಯುವ ದಿನ ಬಂದಾಗ ಮನುಷ್ಯನಿಗೆ ಸಾಮಾನ್ಯವಾಗಿ ಐವತ್ತು ದಾಟಿರುತ್ತದೆ, ಮನೆ ಸಾಲ ಬಾಕಿಯಿರುತ್ತದೆ. ಈ ಕೊನೆಯ ಮಾತು ಮಾಸ್ತಿಯವರದಲ್ಲ, ನನ್ನದು.

ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ರಾಣಿಯ ಪಾತ್ರ ತೀರ ನಿರ್ದೋಷ. ಅಷ್ಟು ಒಳ್ಳೆಯತನ ಪುಟಪುಟದಲ್ಲಿಯೂ ಎದುರಾದರೆ ಓದುಗನಿಗೆ ರಾಜನ ಮೇಲೆ ಸ್ವಲ್ಪ ಕನಿಕರವೇ ಹುಟ್ಟುತ್ತದೆ. ಸಜ್ಜನಿಕೆಯ ಮೇಲೆ ಮಾಸ್ತಿಯವರಿಗಿದ್ದ ನಂಬಿಕೆ ಅವರ ಕಥೆಯೇ ಕೊಡುವ ಸಾಕ್ಷ್ಯಕ್ಕಿಂತ ದೊಡ್ಡದು.

ಇಷ್ಟು ಸಿದ್ಧ ಮಾಡಿಕೊಂಡು, ಕೊನೆಗೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಇಟ್ಟುಕೊಂಡು ಮೈಸೂರಿಗೆ ಹೋದೆ. ಕಂಪೆನಿಯ ಜನಕ್ಕೆ ಹೇಳಿ ಮಾಡಿಸಿದ ಕಾದಂಬರಿ ಅದು ಎಂದು ನನ್ನ ಭಾವನೆ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ೧೯೨೮ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ರಸಾಯನ ತಂತ್ರಜ್ಞಾನ ಕಲಿತು, ಪ್ಲಾಸ್ಟಿಕ್ ಉದ್ಯಮದಲ್ಲಿ ಹಿರಿಯ ಹುದ್ದೆಯಲ್ಲಿ ದುಡಿದವರು. ‘ಶಿಕಾರಿ’ ಬಂದುದು ೧೯೭೯ರಲ್ಲಿ. ಕಂಪೆನಿಯ ಒಳಗಿನ ಅಧಿಕಾರದಾಟವನ್ನು ಒಳಗಿನಿಂದ ಬಲ್ಲವರೊಬ್ಬರು ಕನ್ನಡದಲ್ಲಿ ಅಷ್ಟು ನಿಕಟವಾಗಿ ಅದಕ್ಕೆ ಮುಂಚೆ ಬರೆದುದನ್ನು ನಾನು ಓದಿಲ್ಲ.

ಕಥಾನಾಯಕ ನಾಗಪ್ಪ ಮುಂಬಯಿಯ ಕಂಪೆನಿಯೊಂದರ ಹಿರಿಯ ಅಧಿಕಾರಿ. ಒಂದು ದಿನ ಅವನಿಗೆ ಕಾಗದ ಬರುತ್ತದೆ: ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿರಬೇಕು. ಏನು ತಪ್ಪು, ಯಾರು ದೂರಿದರು, ಸ್ಪಷ್ಟವಿಲ್ಲ. ಅಲ್ಲಿಂದ ಮುಂದೆ ಅವನ ತಲೆಯೊಳಗೆ ನಡೆಯುವುದೇ ಕಾದಂಬರಿ. ಮೇಲಧಿಕಾರಿ ಫಿರೋಜ್ ಬಂದೂಕ್‌ವಾಲಾ ಅಂದು ನಕ್ಕ ನಗೆಗೆ ಅರ್ಥವೇನು? ಊರಿನ ಬಳಕೆಯ ಶ್ರೀನಿವಾಸನಿಗೂ ಇದಕ್ಕೂ ಏನು ನಂಟು? ಬಾಲ್ಯದ ಬಡತನ, ಮನೆಯ ಸಾವುನೋವು, ಖೇತವಾಡಿಯ ಚಾಳಿನ ದಿನಗಳು, ಎಲ್ಲವೂ ತನ್ನ ವಿರುದ್ಧ ಹೇಳಿಕೆ ಕೊಡಲು ಎದ್ದು ಬಂದಂತಾಗುತ್ತದೆ. ಬಲ್ಲವರು ಕಾಫ್ಕಾನ ‘ವಿಚಾರಣೆ’ಯನ್ನು ನೆನೆಯುತ್ತಾರೆ. ನೆನೆಯಬೇಕಾದುದೇ. ಆದರೆ ಕಾಫ್ಕಾನ ನಾಯಕನಿಗೆ ಎದುರಾಗುವ ನ್ಯಾಯಾಲಯಕ್ಕೆ ಮುಖವಿಲ್ಲ. ನಾಗಪ್ಪನ ಬೇಟೆಗಾರರಿಗೆ ಮುಖವಿದೆ, ಊರಿದೆ, ಜಾತಿಯಿದೆ, ಅವರ ಜೊತೆ ಕುಡಿದ ಚಹದ ನೆನಪಿದೆ. ಅದರಿಂದ ಭಯ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ.

ಮಂಟೇಸ್ವಾಮಿಯ ಕಥೆಯನ್ನು ಶಿಬಿರದಲ್ಲಿ ಚೆನ್ನಾಗಿ ಕೇಳಿದರು. ಮಾಸ್ತಿಯವರ ಬಸವನ ವಿಚಾರ ಬಂದಾಗ ಕೆಲವರು ಪರಸ್ಪರ ನೋಡಿಕೊಂಡು ನಕ್ಕರು. ಅವರ ಕಂಪೆನಿಯಲ್ಲಿಯೂ ಒಬ್ಬ ಬಸವ ಇದ್ದಿರಬೇಕು, ಅಥವಾ ಆ ಕೋಣೆಯಲ್ಲಿಯೇ ಇದ್ದಿರಬೇಕು. ನಾಗಪ್ಪನ ಕಥೆಗೆ ಕೋಣೆ ನಿಶ್ಶಬ್ದವಾಯಿತು. ನನಗೆ ಸಮಾಧಾನ. ಕೈಚೀಲ ಎತ್ತಿಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮಹಿಳೆ ಎದ್ದು ನಿಂತರು.

“ಮೇಷ್ಟ್ರೇ, ಈ ಕೋಣೆಯಲ್ಲಿ ಅಂಥ ಕಾಗದ ಬಂದವರಿಗಿಂತ ಬರೆದವರು ಹೆಚ್ಚು. ಅದನ್ನು ಬರೆಯುವಾಗ ಬರೆದವನ ಮನಸ್ಸಿನಲ್ಲಿ ಏನಿತ್ತು ಅಂತ ಚಿತ್ತಾಲರು ಹೇಳುತ್ತಾರಾ?”

ನಾನು ಏನೋ ಹೇಳಿದೆ. ಕಥೆಯ ನಿರೂಪಣೆ ನಾಗಪ್ಪನ ಪ್ರಜ್ಞೆಯೊಳಗಿಂದ ನಡೆಯುತ್ತದೆ, ಆದ್ದರಿಂದ ಉಳಿದವರು ಅವನಿಗೆ ಕಂಡಷ್ಟೇ ನಮಗೂ ಕಾಣುತ್ತಾರೆ, ಎಂದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಹತ್ತಕ್ಕೆ ಎಂಟು ಕೊಡಬಹುದಾದ ಉತ್ತರ. ಆಕೆ ಕುಳಿತುಕೊಂಡರು. ಒಪ್ಪಿದಂತೆ ಕಾಣಲಿಲ್ಲ.

ನಂಜನಗೂಡಿನ ಮೇಲೆ ಬಸ್ಸಿನಲ್ಲಿ ಹಿಂದಿರುಗುವಾಗ ಆ ಪ್ರಶ್ನೆ ಪಕ್ಕದಲ್ಲಿ ಕುಳಿತೇ ಬಂದಿತು. ಏಕೆಂದರೆ ಅಂಥ ಒಂದು ಕಾಗದವನ್ನು ನಾನೂ ಬರೆದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಕಾಲೇಜಿನ ಪ್ರಾಂಶುಪಾಲರು ನಿವೃತ್ತರಾದರು. ಹೊಸಬರು ಬರುವವರೆಗೆ ಪ್ರಭಾರವನ್ನು ನನಗೆ ಕಟ್ಟಿದರು. ಹನ್ನೊಂದು ತಿಂಗಳು. ಮೊದಲ ವಾರದಲ್ಲಿಯೇ ಒಂದು ವ್ಯತ್ಯಾಸವನ್ನು ಕಂಡೆ: ನಿನ್ನೆಯವರೆಗೆ ನನ್ನ ಹಾಸ್ಯಕ್ಕೆ ನಗದಿದ್ದವರು ನಗತೊಡಗಿದರು. ಹೇಳಿಕೊಳ್ಳಲು ನಾಚಿಕೆ, ನನಗೆ ಅದು ಹಿತವಾಗಿಯೂ ಇತ್ತು.

ನಾಲ್ಕನೆಯ ತಿಂಗಳಿನಲ್ಲಿ ಒಂದು ಮೂಗರ್ಜಿ ಬಂದಿತು, ಅತಿಥಿ ಉಪನ್ಯಾಸಕರೊಬ್ಬರ ಮೇಲೆ. ಹೊಟ್ಟೆಪಾಡಿಗೆ ಎರಡು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದ, ಸಂಬಳ ತಿಂಗಳುಗಟ್ಟಲೆ ತಡವಾದರೂ ತರಗತಿ ತಪ್ಪಿಸದ ಯುವಕ. ಮೂಗರ್ಜಿಯ ಪ್ರತಿ ಮೇಲಿನ ಕಚೇರಿಗೂ ಹೋಗಿದೆಯೆಂದು ಗುಮಾಸ್ತರು ಹೇಳಿದರು. ನಾನು ಅಂದೇ ಸಂಜೆ ಎರಡು ಸಾಲಿನ ಕಾಗದ ಬರೆಯಿಸಿದೆ: ಮುಂದಿನ ಆದೇಶದವರೆಗೆ ತರಗತಿಗೆ ಬರತಕ್ಕದ್ದಲ್ಲ. ಮರುದಿನ ಅವರು ನನ್ನ ಕೋಣೆಗೆ ಬಂದರು. ನಾನು ಕುಳಿತುಕೊಳ್ಳಿ ಎನ್ನಲಿಲ್ಲವಾದ್ದರಿಂದ ನಿಂತೇ ಇದ್ದರು.

“ಏನು ತಪ್ಪಾಗಿದೆ ಸಾರ್?”

“ವಿಚಾರಣೆ ಆಗುತ್ತದೆ. ಈಗ ಏನೂ ಹೇಳುವ ಹಾಗಿಲ್ಲ.”

ಹೇಳುವ ಹಾಗಿಲ್ಲವೆಂದು ನನಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಹಾಗೆಂದರೆ ಗಟ್ಟಿಯಾಗಿ ಕೇಳಿಸುತ್ತದೆಯೆಂದು ಅಂದೆ, ಅಷ್ಟೇ. ಆ ವಾರ ನಾನು ಯಾವ ಪಾಠ ಮಾಡುತ್ತಿದ್ದೆನೆಂದರೆ, ಓದುಗರು ನಂಬಲಿ ಬಿಡಲಿ, ‘ಶಿಕಾರಿ’. ನಾಗಪ್ಪನ ಅಸಹಾಯಕತೆಯನ್ನು ಕುರಿತು ಮೂರು ಗಂಟೆ ಬಹಳ ಭಾವಪೂರ್ಣವಾಗಿ ಮಾತಾಡಿದೆ. ಎರಡು ಕಾಗದಗಳೂ ಒಂದೇ ಎಂಬುದು ಹೊಳೆಯಲೇ ಇಲ್ಲ. ಸಾಹಿತ್ಯವನ್ನು ಓದಿದರೆ ಮನುಷ್ಯ ಸಂಸ್ಕಾರವಂತನಾಗುತ್ತಾನೆ ಎಂದು ನಾವು ಪೀಠಿಕೆಗಳಲ್ಲಿ ಬರೆಯುತ್ತೇವೆ. ಓದುವಾಗ ನಾವು ಯಾವ ಪಾತ್ರದ ಕುರ್ಚಿಯಲ್ಲಿ ಕುಳಿತಿರುತ್ತೇವೆ ಎಂಬುದನ್ನೂ ಬರೆಯಬೇಕು. ಬೇಟೆಯ ಕಥೆ ಓದುವಾಗ ಎಲ್ಲರೂ ಜಿಂಕೆಗಳೇ.

ಹತ್ತೊಂಬತ್ತು ದಿನಗಳ ಮೇಲೆ ಮೂಗರ್ಜಿ ಸುಳ್ಳೆಂದು ತಿಳಿದು ಅವರನ್ನು ಮತ್ತೆ ಕರೆಸಿಕೊಂಡೆ. ಬಂದರು, ಪಾಠ ಮಾಡಿದರು, ವರ್ಷ ಮುಗಿದ ಮೇಲೆ ಹೊರಟುಹೋದರು. ನಾನು ಕ್ಷಮೆ ಕೇಳಲಿಲ್ಲ. ಹತ್ತೊಂಬತ್ತು ದಿನದ ತರಗತಿಗಳ ಹಣವೂ ಅವರಿಗೆ ಬರಲಿಲ್ಲ.

ಹಾಗಾದರೆ ಕಾಗದ ಬರೆದವನ ಮನಸ್ಸಿನಲ್ಲಿ ಏನಿತ್ತು? ನನ್ನ ಮಟ್ಟಿಗೆ ಹೇಳುವುದಾದರೆ ದ್ವೇಷವಿರಲಿಲ್ಲ, ಕ್ರೌರ್ಯವೂ ಇರಲಿಲ್ಲ. ಹೆದರಿಕೆ ಇತ್ತು. ನಾಳೆ ಮೇಲಿನವರು ಕೇಳಿದರೆ ತೋರಿಸಲು ಫೈಲಿನಲ್ಲಿ ಒಂದು ಕಾಗದವಿರಲಿ ಎಂಬ ಹೆದರಿಕೆ. ನಾಗಪ್ಪನಿಗೆ ಕಾಣುವ ಬಂದೂಕ್‌ವಾಲಾ ಪ್ರಬಲ, ನಿಗೂಢ, ಎಲ್ಲವನ್ನೂ ಲೆಕ್ಕ ಹಾಕಿ ಹೆಜ್ಜೆಯಿಡುವ ಬೇಟೆಗಾರ. ಕೆಳಗಿನಿಂದ ನೋಡಿದರೆ ಮೇಲಿನವರು ಹಾಗೆಯೇ ಕಾಣುತ್ತಾರೆ. ಕುರ್ಚಿಯಲ್ಲಿ ಕುಳಿತು ನೋಡಿದ ನನಗೆ ಗೊತ್ತಿರುವುದು ಬೇರೆ: ಅರ್ಧಕ್ಕಿಂತ ಹೆಚ್ಚಿನ ಅನ್ಯಾಯ ಲೆಕ್ಕಾಚಾರದಿಂದ ಆಗುವುದಿಲ್ಲ, ಬೆದರಿದವನ ಅವಸರದಿಂದ ಆಗುತ್ತದೆ. ‘ಶಿಕಾರಿ’ಯಲ್ಲಿ ಈ ಬೆದರಿದ ಬೇಟೆಗಾರ ಹೊರಗೇ ಉಳಿದಿದ್ದಾನೆ. ನಾಗಪ್ಪನ ಕೈಕೆಳಗೂ ಜನರಿದ್ದರಲ್ಲ, ಅವರ ಕಣ್ಣಿಗೆ ನಾಗಪ್ಪ ಹೇಗೆ ಕಾಣುತ್ತಿದ್ದನೆಂಬುದೂ ಕಾದಂಬರಿಯ ಮುಖ್ಯ ಕಾಳಜಿಯಲ್ಲ. ಇದು ಚಿತ್ತಾಲರ ಸೋಲೆಂದು ನಾನು ಹೇಳಲಾರೆ. ಅನುಮಾನವೆಂಬ ರೋಗವನ್ನು ಅಷ್ಟು ಆಳಕ್ಕಿಳಿದು ತೋರಿಸಬೇಕಾದರೆ ಒಬ್ಬನ ತಲೆಯೊಳಗೇ ಇರಬೇಕಾಗುತ್ತದೆ. ಆದರೆ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಈ ಕಾದಂಬರಿಯನ್ನು ಓದಿದರೆ ಎಲ್ಲರೂ ತಮ್ಮನ್ನು ನಾಗಪ್ಪನೆಂದೇ ತಿಳಿದು ಮನೆಗೆ ಹೋಗುತ್ತಾರೆ. ನಾನು ಮೈಸೂರಿನಲ್ಲಿ ಮಾಡಿದುದೂ ಅದನ್ನೇ.

ಈ ದೃಷ್ಟಿಯಿಂದ ಮಾಸ್ತಿಯವರು ನಡೆದ ದಾರಿ ಹೆಚ್ಚು ಕಷ್ಟದ್ದೆಂದು ಈಗ ನನಗೆ ತೋರುತ್ತದೆ. ಅವರಿಗೆ ರಾಜನ ಮೇಲೆ ದ್ವೇಷವಿಲ್ಲ. ಏನು ಕೇಳಿದರೂ ಇಲ್ಲವೆನ್ನುವವರಿಲ್ಲದ ಮನೆಯಲ್ಲಿ ಬೆಳೆದ ಹುಡುಗ ಹೇಗೆ ಇಂಥ ಅರಸನಾದ ಎಂಬುದನ್ನು ಸಾವಧಾನವಾಗಿ ಹೇಳುತ್ತಾರೆ. ಅವನ ಕ್ರೌರ್ಯದ ಹಿಂದೆ, ಸಿಂಹಾಸನ ಕೈತಪ್ಪೀತೆಂಬ ಭಯ ಸದಾ ಇದೆ. ಒಡಹುಟ್ಟಿದವಳನ್ನು ಸೆರೆಯಲ್ಲಿಡುವುದೂ ಆ ಭಯದಿಂದಲೇ. ಬೇಟೆಗಾರನೂ ಬೆದರಿದವನೆಂಬುದನ್ನು ಕೋಟು ಟೈ ಇಲ್ಲದ, ಮಡಿಕೇರಿಯ ಅರಮನೆಯ ಕಥೆ ಹೇಳಿದೆ. ಮುಂಬಯಿಯ ಕಂಪೆನಿಯ ಕಥೆ ಹೇಳಲಿಲ್ಲ. ನಮ್ಮ ನವ್ಯ ವಿಮರ್ಶಕರು ಮಾಸ್ತಿಯವರನ್ನು ಹಳೆಯ ಕಾಲದವರೆಂದು ಬದಿಗಿಡುತ್ತಿದ್ದಾಗ ಈ ಮಾತನ್ನು ಗಮನಿಸಬೇಕಾಗಿತ್ತು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ಎರಡು ಮಾತು. ಚಿಕ್ಕ ಕೃತಿ, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲಿಯೂ ಹೆಸರು ಮಾಡಿತು. ಚಿಕ್ಕಪ್ಪ ನಡೆಸುವ ‘ಸೋನಾ ಮಸಾಲಾ’ದಿಂದ ಮನೆ ಸಿರಿವಂತವಾಗಿದೆ. ಕಥೆ ಹೇಳುವವನು ಆ ಸಂಸ್ಥೆಯ ನಿರ್ದೇಶಕ. ಕೆಲಸವಿಲ್ಲ, ಸಂಬಳವಿದೆ, ಹೊತ್ತು ಕಳೆಯಲು ಕಾಫಿಹೌಸ್ ಇದೆ. ಇಲ್ಲಿ ಬಾಗಿಲು ಕಾಯುವವರನ್ನು ಬೇರೆ ನೇಮಿಸಬೇಕಾಗಿಲ್ಲ, ಮನೆಮಂದಿಯೇ ಆ ಕೆಲಸ ಮಾಡುತ್ತಾರೆ. ವ್ಯಾಪಾರ ಹೇಗೆ ನಡೆಯುತ್ತಿದೆಯೆಂದು ಯಾರೂ ಕೇಳುವುದಿಲ್ಲ, ಕೇಳಿದರೆ ಊಟ ರುಚಿಸದು. ಕೇಳುವವಳು ಸೊಸೆಯಾಗಿ ಬಂದ ಅನಿತಾ ಒಬ್ಬಳು. ಅವಳ ಕಥೆ ಮುಂದೆ ಏನಾಯಿತೆಂಬುದನ್ನು ಓದಿಯೇ ತ್ರಾಸಪಡಬೇಕು. ಕಲ್ಯಾಣದ ದಾಸೋಹದಲ್ಲಿ ಎಲೆ ಹಾಕಿಸಿಕೊಂಡು ಕುಳಿತವರೂ ಹೀಗೆಯೇ ಸುಮ್ಮನಿದ್ದಿರಬೇಕು.

ಕಲ್ಯಾಣದ ಮಾತು ಮತ್ತೆ ಬಂದುದರಿಂದ ಪ್ರಭಾರದ ದಿನಗಳ ಇನ್ನೊಂದು ಸಂಗತಿ. ಒಂಬತ್ತನೆಯ ತಿಂಗಳಿನಲ್ಲಿ ಒಂದು ಸಂಜೆ ಎಲ್ಲರೂ ಹೋದ ಮೇಲೆ ಸುಮ್ಮನೆ ಕಾಲೇಜಿನ ಹಿಂಭಾಗಕ್ಕೆ ನಡೆದುಕೊಂಡು ಹೋದೆ. ಕಸ ಗುಡಿಸುವ ಅಮ್ಮ ದೂರದ ನಲ್ಲಿಯಿಂದ ಎರಡು ಬಿಂದಿಗೆ ನೀರು ಹೊತ್ತು ತರುತ್ತಿದ್ದಳು. ಏಕಮ್ಮ ಎಂದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನಾಲ್ಕು ತಿಂಗಳಿಂದ ನೀರು ಬರುತ್ತಿಲ್ಲವಂತೆ. ನಾನು ಬೆಪ್ಪಾಗಿ ನಿಂತೆ. ಆಕೆಗೆ ನನಗಿಂತ ಹೆಚ್ಚು ಆಶ್ಚರ್ಯ.

“ನಿಮ್ಗ ಯಾರೂ ಹೇಳ್ನಿಲ್ವಾ ಬುದ್ದಿ?”

ಅಧ್ಯಾಪಕರಿಗೆ ಗೊತ್ತಿತ್ತು, ಗುಮಾಸ್ತರಿಗೆ ಗೊತ್ತಿತ್ತು, ಮುನ್ನೂರು ಹುಡುಗಿಯರಿಗೆ ಗೊತ್ತಿತ್ತು. ಹೊಸ ಪ್ರಾಂಶುಪಾಲರ ಮನಸ್ಸಿಗೆ ಬೇಸರವಾಗಬಾರದೆಂದು ಎಲ್ಲರೂ ನಯವಾಗಿ ನಡೆದುಕೊಂಡಿದ್ದರು. ದುರಸ್ತಿಗೆ ಹಿಡಿದ ಕಾಲ ಒಂದೂವರೆ ದಿನ.

ಶಿಬಿರದ ನಂತರ ನನ್ನ ಶಿಷ್ಯ ‘ಚಿಕವೀರ ರಾಜೇಂದ್ರ’ದ ಇಪ್ಪತ್ತು ಪ್ರತಿಗಳನ್ನು ಕೊಂಡು ತನ್ನ ಜೊತೆಯ ಅಧಿಕಾರಿಗಳಿಗೆ ಹಂಚಿದನಂತೆ. ಮೊನ್ನೆ ದೀಪಾವಳಿಗೆ ಊರಿಗೆ ಬಂದಿದ್ದಾಗ ಮನೆಗೆ ಬಂದು, “ಸಾರ್, ಒಬ್ಬರು ಕೇಳುತ್ತಿದ್ದಾರೆ, ಆ ಬಸವನನ್ನು ರಾಜ ಯಾವ ಅಧ್ಯಾಯದಲ್ಲಿ ಕೆಲಸದಿಂದ ತೆಗೆಯುತ್ತಾನೆ?” ಎಂದ. ಪೂರ್ತಿ ಓದಲು ಹೇಳಪ್ಪ ಎಂದೆ.

ಆ ಅತಿಥಿ ಉಪನ್ಯಾಸಕರ ನಂಬರನ್ನು ಹುಡುಕಿ ನಾನೂ ಒಂದು ದಿನ ಫೋನು ಮಾಡಿದೆ. ಈಗ ಬೇರೆ ಊರಿನ ಖಾಸಗಿ ಶಾಲೆಯೊಂದರಲ್ಲಿದ್ದಾರೆ. ಗುರುತು ಹಿಡಿದು ಮರ್ಯಾದೆಯಿಂದಲೇ ಮಾತಾಡಿದರು. ಹೇಳಬೇಕೆಂದುಕೊಂಡುದನ್ನು ತಡವರಿಸುತ್ತ ಹೇಳಿದೆ. “ಬಿಡಿ ಸಾರ್, ಅದೆಲ್ಲ ಹಳೆಯದಾಯಿತು” ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಇನ್ನೇನು ಇಡಬೇಕು ಎನ್ನುವಾಗ ಅವರೇ ಕೇಳಿದರು:

“ಸಾರ್, ಆ ಅರ್ಜಿಯಲ್ಲಿ ಏನಿತ್ತು ಅಂತ ನೀವು ಕೊನೆಗೂ ಹೇಳಲೇ ಇಲ್ಲ.”

ಹೇಳಿದೆ. ಮೂರು ಸಾಲಿನ ಅರ್ಜಿ. ಅರ್ಧ ನಿಮಿಷವೂ ಹಿಡಿಯಲಿಲ್ಲ.